ಕ್ಯಾಂಪು ಮತ್ತು ಬೀಡು

(ಸಿಕಂದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪದಗಳ ಹುಟ್ಟಿನ ಬಗ್ಗೆ ಮಾತನಾಡಬೇಕೆಂದು ಸಂಘದವರು ಕೇಳಿದಾಗ ನಾನು ಆರಿಸಿಕೊಂಡದ್ದು ಒಂದು ಇಂಗ್ಲಿಷ್ ಪದವನ್ನು. ಕನ್ನಡ ಸಂಘದಲ್ಲಿ ಇಂಗ್ಲಿಷ್ ಪದದ ಮೇಲೆ ಉಪನ್ಯಾಸವೇ ಎಂದು ಇಬ್ಬರು ಮೂವರು ಈಗಾಗಲೇ ಹುಬ್ಬೇರಿಸಿದ್ದಾರೆ. ಆದರೆ ಆ ಪದವನ್ನು ಆಡದ ಕನ್ನಡಿಗ ಸಿಗಲಾರ. ‘ಕ್ಯಾಂಪು’ ಎಂಬುದೇ ಆ ಪದ. ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ ಎಂದರೆ ನಮ್ಮ ಕಡತ ಇವತ್ತು ಮುಂದೆ ಸರಿಯುವುದಿಲ್ಲವೆಂದು ಅರ್ಥ. ವೃತ್ತಿ ನಾಟಕ ಕಂಪನಿಯವರಿಗೆ ಕ್ಯಾಂಪು ಎಂದರೆ ಥಿಯೇಟರು ಹಾಕಿ ಆಟವಾಡುತ್ತಿರುವ ಊರು. ಗದಗಿನ ಕ್ಯಾಂಪಿನಲ್ಲಿ ಬಂದದ್ದು ಮುಂದಿನ ಕ್ಯಾಂಪಿನಲ್ಲಿ ಹೋಯಿತು ಎಂದು ಅವರು ಲೆಕ್ಕ ಹೇಳುತ್ತಾರೆ. ಶಿವಮೊಗ್ಗದ ಬಳಿಯ ಸಕ್ರೆಬೈಲಿನಲ್ಲಿ ಆನೆಗಳಿಗೂ ಕ್ಯಾಂಪು ಇದೆ. ಬೆಳಗಾವಿಯಲ್ಲಿ ಅದು ಊರಿನ ಒಂದು ಭಾಗದ ಹೆಸರೇ ಆಗಿಬಿಟ್ಟಿದೆ.

ಈ ಪದದ ಬೇರು ಲ್ಯಾಟಿನ್ ಭಾಷೆಯ ‘ಕಾಂಪುಸ್’. ಅದರ ಅರ್ಥ ಬಯಲು, ಸಮತಟ್ಟಾದ ನೆಲ. ರೋಮ್ ನಗರದ ಹೊರಗಿದ್ದ ಅಂಥ ಒಂದು ಬಯಲಿನಲ್ಲಿ ಸೈನಿಕರ ಕವಾಯತೂ ನಡೆಯುತ್ತಿತ್ತು, ಪೌರರ ಮತದಾನವೂ ನಡೆಯುತ್ತಿತ್ತು. ಬಯಲಿನಿಂದ ರಣರಂಗ, ರಣರಂಗದಿಂದ ಸೈನ್ಯ ತಂಗುವ ತಾಣ, ಹೀಗೆ ಅರ್ಥ ಬೆಳೆಯಿತು. ಜರ್ಮನ್ ಭಾಷೆಯಲ್ಲಿ ಇದೇ ಬೇರಿನ ಪದ ‘ಕಾಂಫ್’ ಎಂದಾಗಿ ಹೋರಾಟವೆಂಬ ಅರ್ಥದಲ್ಲಿ ನಿಂತಿತು. ಹಳೆಯ ಇಂಗ್ಲಿಷಿನಲ್ಲಿಯೂ ‘ಕ್ಯಾಂಪ್’ ಎಂದರೆ ಕಾಳಗವೇ. ಆ ಪದ ಸತ್ತುಹೋಗಿ, 16ನೆಯ ಶತಮಾನದಲ್ಲಿ ಇಟಲಿ, ಫ್ರಾನ್ಸುಗಳ ದಾರಿಯಾಗಿ ಪಾಳೆಯವೆಂಬ ಅರ್ಥದಲ್ಲಿ ಮತ್ತೆ ಇಂಗ್ಲಿಷಿಗೆ ಬಂತು. ಬಯಲಿಗಿಳಿದು ಸೆಣಸುವವನು ಚಾಂಪಿಯನ್, ಸೈನ್ಯ ಬಯಲಿಗೆ ಹೊರಟರೆ ಕ್ಯಾಂಪೇನ್. ವಿದ್ಯಾಲಯದ ಆವರಣವನ್ನು ಕ್ಯಾಂಪಸ್ ಎಂದು ಕರೆಯಲು 18ನೆಯ ಶತಮಾನದಲ್ಲಿ ಮೊದಲು ಮಾಡಿದವರು ಅಮೆರಿಕದ ಪ್ರಿನ್ಸ್‌ಟನ್ನಿನವರು. ಇದೆಲ್ಲ ಕೇವಲ ಪರದೇಶದ ಚೋದ್ಯವೆಂದು ಭಾವಿಸಬೇಡಿ. ನಮ್ಮ ‘ಕಣ’ ಎಂಬ ಪದವೂ ಇದೇ ದಾರಿಯಲ್ಲಿ ನಡೆದಿದೆ. ಹಳಗನ್ನಡದ ‘ಕಳ’ ತೆನೆ ತುಳಿಸುವ ನೆಲವೂ ಹೌದು, ಯುದ್ಧಭೂಮಿಯೂ ಹೌದು. ಇಂದು ರಾಗಿ ಕಣಕ್ಕೆ ಹೋಗದವರು ಕೂಡ ಚುನಾವಣಾ ಕಣಕ್ಕೆ ಇಳಿಯುತ್ತಾರೆ.

ಇಲ್ಲಿ ಒಂದು ಭ್ರಮೆಯನ್ನು ಪರಿಹರಿಸಬೇಕು. ಸಿಕಂದರಾಬಾದಿನವರಾದ ನಮಗೆ ಕ್ಯಾಂಪು ಎಂದೊಡನೆ ಕಂಟೋನ್ಮೆಂಟ್ ನೆನಪಾಗುತ್ತದೆ. ಎರಡೂ ಒಂದೇ ಮನೆಯ ಮಾತುಗಳೆಂದು ತೋರುತ್ತದೆ. ಆದರೆ ಅವುಗಳಿಗೆ ರಕ್ತಸಂಬಂಧವಿಲ್ಲ. ಕಂಟೋನ್ಮೆಂಟಿನ ಮೂಲ ಇಟಲಿಯ ‘ಕಾಂಟೋ’, ಅಂದರೆ ಮೂಲೆ. ಸೈನ್ಯವನ್ನು ಮೂಲೆಮೂಲೆಗೆ ಹಂಚಿ ಇರಿಸುವುದು ಎಂಬುದು ಅದರ ಹುರುಳು. ಕ್ಯಾಂಪು ಬಯಲಿನ ಮಾತು, ಕಂಟೋನ್ಮೆಂಟು ಮೂಲೆಯ ಮಾತು. ಇದೇ ಅರ್ಥಕ್ಕೆ ಬೆಂಗಳೂರಿನವರು ‘ದಂಡು’ ಎಂದರು. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷರ ಪಡೆ ಬೆಂಗಳೂರಿಗೆ ಬಂದು ನೆಲೆಸಿತು. ಜನ ಹೆಸರಿಗಾಗಿ ಯಾವ ಸಾಹೇಬರನ್ನೂ ಕೇಳಲಿಲ್ಲ. ರೈಲು ನಿಲ್ದಾಣಕ್ಕೂ ಅದೇ ಹೆಸರು ಅಂಟಿಕೊಂಡಿತು.

ನಮ್ಮ ಈ ಊರಿನ ಜನ್ಮವೂ ಅಂಥದೇ. 1798ರಲ್ಲಿ ನಿಜಾಮರು ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ ಮೇಲೆ ಹುಸೇನ್ ಸಾಗರದ ಉತ್ತರದ ಬಯಲಿನಲ್ಲಿ ಡೇರೆಗಳು ಎದ್ದವು. 1806ರಲ್ಲಿ ಆ ಡೇರೆಗಳ ಊರಿಗೆ ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರು ಬಂತು. ಆದರೆ ಜನರ ಬಾಯಲ್ಲಿ ಅದು ‘ಲಷ್ಕರ್’ ಆಗಿಯೇ ಉಳಿಯಿತು. ಲಷ್ಕರ್ ಎಂದರೆ ಪಾರಸಿಯಲ್ಲಿ ಸೈನ್ಯ. ಆಷಾಢದಲ್ಲಿ ಉಜ್ಜಯಿನಿ ಮಹಾಕಾಳಿಗೆ ನಡೆಯುವ ಉತ್ಸವವನ್ನು ಇಂದಿಗೂ ಲಷ್ಕರ್ ಬೋನಾಲು ಎಂದೇ ಕರೆಯುತ್ತಾರೆ. ಸೈನ್ಯದ ಪಲ್ಲಕ್ಕಿ ಹೊರುತ್ತಿದ್ದವನೊಬ್ಬನು ಉಜ್ಜಯಿನಿಯಲ್ಲಿ ಹರಕೆ ಹೊತ್ತು ಬಂದು ಇಲ್ಲಿ ಅಮ್ಮನನ್ನು ಸ್ಥಾಪಿಸಿದನೆಂಬ ಹೇಳಿಕೆಯಿದೆ. ಇನ್ನು ನಾವು ಮೋಂಡಾ ಮಾರುಕಟ್ಟೆಯಲ್ಲಿ ಚೌಕಾಸಿಗೆ ಬಳಸುವ ಉರ್ದು? ಆ ಹೆಸರೂ ತುರ್ಕಿಯ ‘ಓರ್ದು’ವಿನಿಂದ, ಅಂದರೆ ಪಾಳೆಯದಿಂದ ಬಂದದ್ದು. ಊರೂ ಪಾಳೆಯ, ಊರಿನ ಮಾತೂ ಪಾಳೆಯ!

ಈಗ ಕನ್ನಡದ ಕಡೆ ತಿರುಗೋಣ. ಕ್ಯಾಂಪಿಗೆ ನಮ್ಮಲ್ಲಿ ಪದದ ಬರವಿಲ್ಲ. ಪಾಳೆಯ, ಪಾಳ್ಯ ಇದೆ; ಅದರಿಂದ ಪಾಳೆಯಗಾರ ಹುಟ್ಟಿದ, ಬೆಂಗಳೂರಿನ ಎಷ್ಟೋ ಬಡಾವಣೆಗಳು ಹುಟ್ಟಿದವು. ಪತ್ರಿಕೆಗಳಲ್ಲಿ ವಿರೋಧಿ ಪಾಳೆಯವೂ ಹುಟ್ಟಿತು. (ಸಂಘದ ಚುನಾವಣೆ ಹತ್ತಿರವಿರುವುದರಿಂದ ಈ ಅರ್ಥವನ್ನು ನಾನು ವಿಸ್ತರಿಸುವುದಿಲ್ಲ.) ಆದರೆ ನನ್ನ ಮನಸ್ಸು ನಿಲ್ಲುವುದು ‘ಬೀಡು’ ಎಂಬ ಪದದಲ್ಲಿ. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆ ಬಿಡು ಎಂಬುದರಿಂದ ಬೀಡು ಆಗಿದೆ. ಎತ್ತಿನ ಕೊರಳು ಬಿಡಿಸಿ, ಹೊರೆ ಇಳಿಸಿ ನಿಂತ ಜಾಗವೇ ಬೀಡು. ಬಿಡಾರ, ಮದುವೆಯಲ್ಲಿ ಬೀಗರಿಗೆ ಕೊಡುವ ಬಿಡದಿ, ಎಲ್ಲವೂ ಅದೇ ಬಳ್ಳಿಯ ಕಾಯಿಗಳು. ಆದರೆ ಶಾಸನಗಳಲ್ಲಿ ರಾಜಧಾನಿಗೆ ‘ನೆಲೆವೀಡು’ ಎಂಬ ಹೆಸರು. ತಂಗುದಾಣವೇ ನೆಲೆಯಾದದ್ದು, ಡೇರೆಯೇ ಅರಮನೆಯಾದದ್ದು ಆ ಒಂದು ಪದದಲ್ಲಿ ಅಡಗಿದೆ. ಹೊಯ್ಸಳರ ದೋರಸಮುದ್ರ ಹಾಳಾದ ಮೇಲೆ ಜನ ಅದನ್ನು ಹಳೇಬೀಡು ಎಂದರು. ಅಷ್ಟು ಕಲ್ಲಿನ ಕೆತ್ತನೆ ನಿಂತಿರುವ ಊರನ್ನು ಕೂಡ ನಮ್ಮ ಭಾಷೆ ಒಂದು ಬೀಡೆಂದೇ ನೆನೆಯುತ್ತದೆ. ಇಂಗ್ಲಿಷಿನ ಕ್ಯಾಂಪಿಗೆ ಈ ಭಾಗ್ಯವಿಲ್ಲ. ಅದು ಎಷ್ಟು ವರ್ಷ ನಿಂತರೂ ನಾಳೆ ಕಿತ್ತು ಹೊರಡುವ ಡೇರೆಯ ವಾಸನೆಯನ್ನು ಬಿಡುವುದಿಲ್ಲ. 1900ರ ಸುಮಾರಿಗೆ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಹೆಂಗಸರು ಮಕ್ಕಳನ್ನು ಕೂಡಿಹಾಕಿದ ಬೇಲಿಯೊಳಗಿನ ಜಾಗಕ್ಕೂ, ಮುಂದೆ ಹಿಟ್ಲರನ ಸಾವಿನ ಬೇಲಿಗಳಿಗೂ ಅದೇ ಹೆಸರು ಸಂದಿತು.

ಅರಬ್ಬಿಯಿಂದ ಬಂದ ‘ಮೊಕ್ಕಾಂ’ ಕೂಡ ಕುತೂಹಲದ್ದೇ. ಮೈಸೂರಿನ ಕಡೆ ಮೊಕ್ಕಾಂ ಹೂಡುವುದೆಂದರೆ ನಾಲ್ಕು ದಿನ ಇದ್ದು ಹೋಗುವುದು. ನಮ್ಮ ಉತ್ತರದ ಕಡೆ ಕಾಗದದ ಮೇಲೆ ‘ಮು. ಪೋ.’ ಎಂದು ಬರೆದರೆ ಅದು ಮುಕ್ಕಾಂ, ಪೋಸ್ಟು, ಅಂದರೆ ಖಾಯಂ ಊರು. ಒಂದೇ ಪದ ಒಂದು ಕಡೆ ಛತ್ರ, ಇನ್ನೊಂದು ಕಡೆ ಮನೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ. ಗೌರವದ ಕೆಲಸಗಳಿಗೆ ನಾವು ಸಂಸ್ಕೃತದ ‘ಶಿಬಿರ’ವನ್ನು ಇಟ್ಟುಕೊಂಡಿದ್ದೇವೆ: ರಕ್ತದಾನ ಶಿಬಿರ, ಕಣ್ಣಿನ ತಪಾಸಣಾ ಶಿಬಿರ, ಬೇಸಿಗೆ ಶಿಬಿರ. ಜನ ವಾಸಿಸುವ ಊರಿನ ಹೆಸರಾಗಿ ಬಂದಾಗ ಮಾತ್ರ ಅದು ಕ್ಯಾಂಪು. ಮುಂಡಗೋಡದಲ್ಲಿ ಟಿಬೆಟಿನವರು ಇಂದಿಗೂ ಸಂಖ್ಯೆ ಹಚ್ಚಿದ ಕ್ಯಾಂಪುಗಳಲ್ಲಿ ಇದ್ದಾರೆ. ಸಿಂಧನೂರಿನ ಬಳಿ ಪೂರ್ವ ಬಂಗಾಳದ ನಿರಾಶ್ರಿತರ ಆರ್. ಎಚ್. ಕ್ಯಾಂಪುಗಳಿವೆ. ಅದೇ ಸಿಂಧನೂರು, ಗಂಗಾವತಿ, ಸಿರುಗುಪ್ಪಗಳ ಸೀಮೆಯಲ್ಲಿ, 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ, ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ಭತ್ತ ಬೆಳೆದರು. ಹೊಲದ ನಡುವೆ ಗುಡಿಸಲು ಹಾಕಿದರು. ಆ ಗುಡಿಸಲುಗಳು ಮಹಡಿ ಮನೆಗಳಾಗಿವೆ, ಗುಡಿ, ಶಾಲೆ, ಅಕ್ಕಿ ಗಿರಣಿಗಳು ಬಂದಿವೆ, ಮೊಮ್ಮಕ್ಕಳು ಕನ್ನಡ ಓದಿದ್ದಾರೆ. ಹೆಸರು ಮಾತ್ರ ಕ್ಯಾಂಪು. ಆ ದಾರಿಯ ಬಸ್ಸಿನಲ್ಲಿ ಕಂಡಕ್ಟರು ‘ಕ್ಯಾಂಪಿನವ್ರು ಇಳೀರಿ’ ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ. ಅವನ ದನಿಯಲ್ಲಿ ತಾತ್ಸಾರವೇನೂ ಇರಲಿಲ್ಲ. ಆದರೂ ಎಪ್ಪತ್ತು ವರ್ಷಗಳ ಮೇಲೂ ಇಳಿಯುವವರು ಕ್ಯಾಂಪಿನವರೇ!

ಇಲ್ಲಿ ಕುಳಿತಿರುವ ನಮಗೆ ಅದು ಕನ್ನಡಿಯಂತೆ ಕಾಣಬೇಕು. ಅವರು ಅಲ್ಲಿ ತೆಲುಗರು, ನಾವು ಇಲ್ಲಿ ಕನ್ನಡಿಗರು. ಒಂದು ವ್ಯತ್ಯಾಸವುಂಟು. ನಮ್ಮ ತಂದೆ ಸೇಡಂ ತಾಲ್ಲೂಕಿನಿಂದ ನಿಜಾಮರ ರೈಲ್ವೆಯ ಕೆಲಸಕ್ಕೆ ಬಂದಾಗ ಪರರಾಜ್ಯಕ್ಕೆ ಬಂದಿರಲಿಲ್ಲ. ಗುಲ್ಬರ್ಗಾ, ರಾಯಚೂರು, ಬೀದರುಗಳಿಗೆ ಇದೇ ರಾಜಧಾನಿಯಾಗಿತ್ತು. 1956ರ ನವೆಂಬರ್ 1ರಂದು ಊರು ಮೈಸೂರು ರಾಜ್ಯಕ್ಕೆ ಹೋಯಿತು, ಮನೆ ಆಂಧ್ರಪ್ರದೇಶದಲ್ಲಿ ಉಳಿಯಿತು. 2014ರಿಂದ ಅದೇ ಮನೆ ತೆಲಂಗಾಣದಲ್ಲಿದೆ. ಗೆರೆ ಸರಿದಾಡಿತೇ ಹೊರತು ಮನುಷ್ಯ ಕದಲಲಿಲ್ಲ. ಹೀಗೆ ಕುಳಿತಲ್ಲೇ ಹೊರನಾಡಿಗರಾದವರನ್ನು ಯಾವ ಪದದಿಂದ ಕರೆಯಬೇಕು? ಊರಿನವರು ‘ಹೈದರಾಬಾದಿನವರು’ ಎನ್ನುತ್ತಾರೆ, ಇಲ್ಲಿಯವರು ‘ಕರ್ನಾಟಕದವರು’ ಎನ್ನುತ್ತಾರೆ.

ಪದ ಬದಲಾದರೆ ಬಾಳು ಬದಲಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಕೆಲವು ವೇಳೆ ಬದಲಾಗುತ್ತದೆ. ಹಾಡಿ, ಹಟ್ಟಿ, ತಾಂಡಾ, ದೊಡ್ಡಿ, ಪಾಳ್ಯ, ಕ್ಯಾಂಪು ಎಂಬ ಹೆಸರಿನ ದಾಖಲೆಯಿಲ್ಲದ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ಕರ್ನಾಟಕದಲ್ಲಿ ನಡೆದಿದೆ. ಕಂದಾಯ ಗ್ರಾಮವಾಗದ ಕಡೆ ವಾಸದ ಮನೆಗೆ ಹಕ್ಕುಪತ್ರವಿಲ್ಲ, ಹಕ್ಕುಪತ್ರವಿಲ್ಲದೆ ಬ್ಯಾಂಕಿನ ಸಾಲ ಸುಲಭವಲ್ಲ. 2023ರ ಜನವರಿಯಲ್ಲಿ ಐವತ್ತು ಸಾವಿರ ಕುಟುಂಬಗಳಿಗೆ, ಬಹುಮಟ್ಟಿಗೆ ತಾಂಡಾಗಳ ಲಂಬಾಣಿಗರಿಗೆ, ಪ್ರಧಾನಿಯವರು ಹಕ್ಕುಪತ್ರ ಹಂಚಿದರು. ಹಂಚಿದ್ದು ಎಲ್ಲಿ ಗೊತ್ತೆ? ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದಲ್ಲಿ.

ಕೊನೆಯದಾಗಿ ಕಾರ್ಯಕಾರಿ ಸಮಿತಿಗೆ ಒಂದು ಸಣ್ಣ ಸಲಹೆ. ನಮ್ಮ ಸದಸ್ಯತ್ವದ ಅರ್ಜಿಯಲ್ಲಿ ‘ತಾತ್ಕಾಲಿಕ ವಿಳಾಸ’ ಎಂದೂ ‘ಶಾಶ್ವತ ವಿಳಾಸ’ ಎಂದೂ ಎರಡು ಕಲಮುಗಳಿವೆ. ಮಾರೇಡಪಲ್ಲಿಯಲ್ಲಿ ಹುಟ್ಟಿ, ಅಲ್ಲಿಯೇ ನಿವೃತ್ತರಾದವರೂ ಮೊದಲನೆಯದರಲ್ಲಿ ಮಾರೇಡಪಲ್ಲಿ ಎಂದೂ ಎರಡನೆಯದರಲ್ಲಿ ಬಿದ್ದುಹೋದ ಹಳ್ಳಿಯ ಮನೆಯ ಸಂಖ್ಯೆಯನ್ನೂ ಬರೆಯುತ್ತಾರೆ. ನಾನೂ ಹಾಗೆಯೇ ಬರೆದುಕೊಂಡು ಬಂದಿದ್ದೇನೆ. ಮುಂದಿನ ಬಾರಿ ಅರ್ಜಿ ಅಚ್ಚು ಹಾಕಿಸುವಾಗ ಆ ಎರಡನ್ನೂ ತೆಗೆದು ‘ಬೀಡು’ ಎಂದು ಒಂದೇ ಕಲಮು ಇಡಿ. ಕೆಳಗೆ ಬೇಕಾದರೆ ‘ಮೂಲದ ಊರು’ ಎಂದು ಒಂದು ಗೆರೆ ಇರಲಿ.