ಕಳೆಯ ಪರಾಗದಿಂದ ಬರುವ ನೆಗಡಿಗೆ ಮುಂಜಾಗ್ರತೆಯ ಸಿಂಪರಣೆ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಪಾರ್ಥೇನಿಯಂ, ಅಂದರೆ ನಾವೆಲ್ಲ ಕಾಂಗ್ರೆಸ್ ಹುಲ್ಲು ಎನ್ನುವ ಕಳೆ, ಪೈರಿನ ಸಾರವನ್ನು ಕಸಿಯುವುದು ನಿಮಗೆ ಗೊತ್ತೇ ಇದೆ. ಕರ್ನಾಟಕದಲ್ಲಿ 1975ರಲ್ಲೇ ಇದನ್ನು ಅಪಾಯಕಾರಿ ಕಳೆಯೆಂದು ಘೋಷಿಸಲಾಯಿತು. ಇದರ ಪರಾಗ ಕೆಲವರ ಮೂಗಿಗೆ ಒಗ್ಗುವುದಿಲ್ಲ. ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣು ಮೂಗುಗಳ ತುರಿಕೆ, ಮೂಗು ಕಟ್ಟುವುದು ಇದರ ಲಕ್ಷಣಗಳು. ಜ್ವರವಿರುವುದಿಲ್ಲ, ಸಾಮಾನ್ಯ ನೆಗಡಿಯಂತೆ ವಾರದಲ್ಲಿ ಹೋಗುವುದೂ ಇಲ್ಲ.

ಈ ತೊಂದರೆ ನನಗೂ ಇದೆ. ಮೂಗು ಕಟ್ಟಿದಾಗಲೆಲ್ಲ ಅಂಗಡಿಯಿಂದ ಮೂಗು ಬಿಡಿಸುವ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಂಡೆ. ಕೊನೆಗೆ ಹನಿ ಇಲ್ಲದೆ ರಾತ್ರಿ ಉಸಿರಾಡುವುದೇ ಕಷ್ಟವಾಯಿತು. ಜೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಮುಂತಾದ ಈ ಹನಿಗಳನ್ನು 3ರಿಂದ 5 ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಕಟ್ಟುತ್ತದೆಂದು ವೈದ್ಯರು ಹೇಳಿದ ಮೇಲೆ ತಿಳಿಯಿತು. ಇತರರಿಗೆ ಔಷಧಿಯ ಪ್ರಮಾಣ ಬೋಧಿಸುವ ನಾನೇ ಚೀಟಿ ಓದಿರಲಿಲ್ಲ!

ವೈದ್ಯರು ಕೊಟ್ಟದ್ದು ಬೇರೆ ಬಗೆಯ ಸಿಂಪರಣೆ. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಈ ಗುಂಪಿನವು. ಅಡಿಕೆ ಬೆಳೆಗಾರರು ಕೊಳೆರೋಗ ಬರುವ ಮುನ್ನವೇ ಬೋರ್ಡೋ ದ್ರಾವಣ ಹೊಡೆಯುವುದಿಲ್ಲವೇ? ಇದೂ ಹಾಗೆಯೇ. ಒಂದು ಸಲ ಹೊಡೆದರೆ ಕೂಡಲೇ ಮೂಗು ಬಿಡುವುದಿಲ್ಲ. ದಿನವೂ ತಪ್ಪದೆ ಬಳಸಿದರೆ ಮೂಗಿನ ಒಳಪೊರೆಯ ಊತ ಇಳಿಯುತ್ತದೆ. ಪೂರ್ಣ ಗುಣ ಕಾಣಲು ಒಂದೆರಡು ವಾರ ಬೇಕು. ಪಾರ್ಥೇನಿಯಂ ಮೊಳೆತ ಸುಮಾರು ಒಂದು ತಿಂಗಳಿಗೆ ಹೂ ಬಿಡತೊಡಗುತ್ತದೆ. ಆದ್ದರಿಂದ ಮಳೆ ಬಿದ್ದು ಸಸಿ ಕಾಣಿಸಿದಾಗಲೇ ವೈದ್ಯರನ್ನು ಕಾಣಬೇಕು.

ಬಳಸುವ ಕ್ರಮ ಹೀಗಿದೆ:

1. ಮೊದಲು ಮೂಗು ಸೀದಿ ಶುಚಿ ಮಾಡಿಕೊಳ್ಳಿ. ಸೀಸೆ ಕುಲುಕಿ. ಹೊಸ ಸೀಸೆಯಾದರೆ ತುಂತುರು ಸರಿಯಾಗಿ ಬರುವವರೆಗೆ ಗಾಳಿಯಲ್ಲಿ ಒತ್ತಿ.

2. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆಯಿರಿ. ತುಂತುರು ಮೂಗಿನ ನಡುಗೋಡೆಗೆ ಬೀಳದೆ ಹೊರಬದಿಗೆ ಬೀಳಬೇಕು. ಇದರಿಂದ ರಕ್ತ ಒಸರುವುದು ಕಡಿಮೆಯಾಗುತ್ತದೆ.

3. ಮೆಲ್ಲನೆ ಉಸಿರೆಳೆಯಿರಿ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ.

4. ತುದಿಯನ್ನು ಒರೆಸಿ ಮುಚ್ಚಿಡಿ. ಒಬ್ಬರ ಸೀಸೆಯನ್ನು ಇನ್ನೊಬ್ಬರು ಬಳಸಬಾರದು.

ಇದು ಸ್ಟೀರಾಯ್ಡ್ ಎಂದು ಹೆದರಿ ನಡುವೆ ಬಿಡಬೇಡಿ. ಪ್ರಮಾಣ ಅತ್ಯಲ್ಪ, ಕೆಲಸ ಹೆಚ್ಚಾಗಿ ಮೂಗಿನಲ್ಲೇ. ಆದರೂ ಪ್ರಮಾಣವನ್ನೂ ಅವಧಿಯನ್ನೂ ವೈದ್ಯರೇ ನಿರ್ಧರಿಸಬೇಕು. ಮಕ್ಕಳಿಗೆ, ಗರ್ಭಿಣಿಯರಿಗೆ ಕೇಳದೆ ಕೊಡಲೇಬಾರದು. ಪದೇಪದೇ ರಕ್ತ ಬಂದರೆ, ಉಬ್ಬಸವಾಗಲಿ ಎದೆ ಬಿಗಿತವಾಗಲಿ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಔಷಧಿ ಮೂಗನ್ನು ಕಾಯುತ್ತದೆ, ಕಳೆಯನ್ನು ಕೊಲ್ಲುವುದಿಲ್ಲ. ಹೂ ಬಿಡುವ ಮುನ್ನ, ನೆಲ ಹಸಿಯಿರುವಾಗ, ಕೈಚೀಲ ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಪಾರ್ಥೇನಿಯಂ ಅನ್ನು ಬೇರುಸಹಿತ ಕೀಳಿರಿ. ಅಲರ್ಜಿ ಇರುವವರನ್ನು ಈ ಕೆಲಸಕ್ಕೆ ಹಚ್ಚಬೇಡಿ. ನಿಮ್ಮ ಹೊಲದ ಬದುವಿನ ಹೂವು ಪಕ್ಕದ ಮನೆಯ ಮಗುವಿನ ಉಬ್ಬಸಕ್ಕೆ ಕಾರಣವಾಗದಿರಲಿ.