ಸೂತ್ರಕ್ಕೂ ಪರೀಕ್ಷೆ ಇದೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಪರೀಕ್ಷೆ ನಿಮಗೆ ಮಾತ್ರವಲ್ಲ, ನೀವು ಬಾಯಿಪಾಠ ಮಾಡುವ ಸೂತ್ರಗಳಿಗೂ ಇದೆ. ಅದಕ್ಕೊಂದು ಉದಾಹರಣೆ ಹೇಳುತ್ತೇನೆ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪಿದೆ. ಮಳೆ, ನದಿ, ಕರಗುವ ಮಂಜುಗಡ್ಡೆ ಇದನ್ನು ತಗ್ಗಿಸುತ್ತವೆ. ದೊಡ್ಡ ನದಿಗಳು ಸೇರುವ ಬಂಗಾಳ ಕೊಲ್ಲಿಗಿಂತ ನಮ್ಮ ಕಡೆಯ ಅರಬ್ಬೀ ಸಮುದ್ರದಲ್ಲಿ ಉಪ್ಪು ಹೆಚ್ಚು. ಉಪ್ಪು ಹೆಚ್ಚಿದ ತಣ್ಣೀರು ಭಾರವಾಗಿ ಕೆಳಗಿಳಿಯುತ್ತದೆ; ಸಾಗರದ ಆಳದ ಪ್ರವಾಹಗಳಿಗೆ ಇದೇ ಮೂಲ.

ಈ ಉಪ್ಪನ್ನು ಆಕಾಶದಿಂದಲೇ ಅಳೆಯಬಹುದು. ಸಮುದ್ರ ತಾನಾಗಿಯೇ ಬಹಳ ಕ್ಷೀಣವಾದ ಮೈಕ್ರೋವೇವ್ ಅಲೆಗಳನ್ನು ಸೂಸುತ್ತದೆ. ಉಪ್ಪು ನೀರಿನ ವಿದ್ಯುತ್ ಗುಣವನ್ನು ಬದಲಿಸುತ್ತದೆ; ಅದರಂತೆ ಅಲೆಗಳ ಬಲವೂ ಬದಲಾಗುತ್ತದೆ. 2009ರಲ್ಲಿ ಯುರೋಪಿನ ಸ್ಮಾಸ್, 2011ರಲ್ಲಿ ಅಕ್ವೇರಿಯಸ್, 2015ರಲ್ಲಿ ಸ್ಮ್ಯಾಪ್ ಉಪಕರಣಗಳು ಮೇಲೇರಿ ಇದನ್ನು ಅಳೆದವು.

ಅಲೆಯ ಬಲದಿಂದ ಉಪ್ಪಿನ ಲೆಕ್ಕಕ್ಕೆ ಬರಲು ಸೂತ್ರ ಬೇಕು. ಪ್ರಯೋಗಾಲಯದ ಅಳತೆಗಳಿಂದ ಕ್ಲೈನ್ ಮತ್ತು ಸ್ವಿಫ್ಟ್ 1977ರಲ್ಲಿ ಒಂದು ಸೂತ್ರ ಕೊಟ್ಟರು. 2004ರಲ್ಲಿ ಮೈಸ್ನರ್ ಮತ್ತು ವೆಂಟ್ಜ್ ಇನ್ನೊಂದನ್ನು ಕೊಟ್ಟರು. ಎರಡರ ನಡುವಿನ ವ್ಯತ್ಯಾಸ ಸಣ್ಣದೇ. ಆದರೆ 30 ಡಿಗ್ರಿಯ ನೀರಿನಲ್ಲಿ ಒಂದು ಗ್ರಾಂ ಉಪ್ಪು ಹೆಚ್ಚಿದರೆ ಉಪಗ್ರಹದ ಅಳತೆ ಸುಮಾರು 0.7 ಡಿಗ್ರಿ ಬದಲಾಗುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಸುಮಾರು ಕಾಲು ಡಿಗ್ರಿ ಮಾತ್ರ. ಹಾಗಾಗಿ ಸೂತ್ರದ ಸಣ್ಣ ತಪ್ಪೂ ತಣ್ಣನೆಯ ಕಡಲಿನಲ್ಲಿ ದೊಡ್ಡ ತಪ್ಪಾಗುತ್ತದೆ. ಮಂಜುಗಡ್ಡೆ ಕರಗುತ್ತಿರುವುದು ಅಲ್ಲಿಯೇ.

ಪರೀಕ್ಷೆ ಹೇಗೆ? ಸಾಗರಗಳಲ್ಲಿ ತೇಲುವ ಸುಮಾರು ನಾಲ್ಕು ಸಾವಿರ ಆರ್ಗೋ ಯಂತ್ರಗಳು ನೀರಿನ ಉಪ್ಪನ್ನೂ ಉಷ್ಣತೆಯನ್ನೂ ನೇರವಾಗಿ ಅಳೆಯುತ್ತವೆ. ಆ ಅಂಕಿಗಳನ್ನು ಸೂತ್ರಕ್ಕೆ ಹಾಕಿ, ಬರಬೇಕಾದ ಅಲೆಯ ಬಲವನ್ನು ಲೆಕ್ಕ ಮಾಡಿ, ಉಪಗ್ರಹ ಕಂಡದ್ದರೊಂದಿಗೆ ಹೋಲಿಸುತ್ತಾರೆ. ಅಂತರವು ನೀರಿನ ಉಷ್ಣತೆಯ ಜೊತೆಗೇ ಬದಲಾದರೆ ಸೂತ್ರದ ಮೇಲೆ ಅನುಮಾನ ಬರುತ್ತದೆ. ಆದರೂ ಆತುರ ಸಲ್ಲದು. ಗಾಳಿ ಎಬ್ಬಿಸಿದ ತೆರೆ, ನೊರೆ, ಸಮುದ್ರದಲ್ಲಿ ಪ್ರತಿಫಲಿಸುವ ಆಕಾಶಗಂಗೆಯ ಅಲೆಗಳು, ಎಲ್ಲವನ್ನೂ ಲೆಕ್ಕದಿಂದ ಕಳೆದ ಮೇಲೆಯೇ ತೀರ್ಪು. ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಮುದ್ರದ ನೀರನ್ನು ಹೊಸದಾಗಿ ಅಳೆದು ಮತ್ತೊಂದು ಸೂತ್ರವನ್ನೂ ರೂಪಿಸಿದ್ದಾರೆ. ಅದಕ್ಕೂ ಇದೇ ಪರೀಕ್ಷೆ.

ಮಕ್ಕಳೇ, ಸೂತ್ರವನ್ನು ಚೆನ್ನಾಗಿ ಕಲಿಯಿರಿ. ಜೊತೆಗೆ ಅದನ್ನು ಯಾರು, ಎಲ್ಲಿ, ಎಷ್ಟು ಉಷ್ಣತೆಯಲ್ಲಿ ಅಳೆದು ಕಂಡುಕೊಂಡರು ಎಂದು ನಿಮ್ಮ ಮೇಷ್ಟ್ರನ್ನು, ಟೀಚರನ್ನು ಕೇಳಿ. ಹಾಗೆ ಕೇಳುವ ಮಕ್ಕಳು ಈ ಶಾಲೆಯಿಂದ ಇನ್ನೂ ಐವತ್ತು ವರ್ಷ ಹೊರಬರಲಿ ಎಂದು ಹಾರೈಸುತ್ತೇನೆ.