ಮನೆ ಹಿಂದಿನ ಗಲ್ಲಿ ಎಲ್ಲಿಗೆ ಹೋಯ್ತು?

ಮಲ್ಲೇಶ್ವರ, ಬಸವನಗುಡಿಯ ಹಳೇ ಬೀದಿಗಳಲ್ಲಿ ಓಡಾಡಿದವರು ಮನೆಗಳ ಹಿಂದಿನ ಕಿರುಗಲ್ಲಿಗಳನ್ನ ನೋಡಿರ್ತೀರಿ. ಕನ್ಸರ್ವೆನ್ಸಿ ಅಂತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸ್ತಾರೆ, ಕೆಲವು ಕಡೆ ಗೋಡೆಯನ್ನೇ ಎಬ್ಬಿಸಿದ್ದಾರೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಜನರನ್ನು ಅಲ್ಲಿಂದ ಹೊರಗೆ ತರಬೇಕು, ಗಾಳಿ ಬೆಳಕು ಸಿಗಬೇಕು ಅನ್ನೋ ಅವಸರದಲ್ಲಿ ಈ ಎರಡೂ ಬಡಾವಣೆಗಳು ಬೆಳೆದವು. ಅಗಲವಾದ ರಸ್ತೆ, ನೇರವಾದ ಕ್ರಾಸು, ಮನೆ ಸುತ್ತ ಖಾಲಿ ಜಾಗ. ಆರೋಗ್ಯವನ್ನು ಮುಂದಿಟ್ಟುಕೊಂಡು ಹಾಕಿದ ನಕ್ಷೆ ಅದು, ಒಪ್ಪಲೇಬೇಕು.

ಆದರೆ ಆ ಗಲ್ಲಿ ಯಾಕೆ ಬಿಟ್ಟರು? ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯದೆ, ಹಿಂದಿನಿಂದಲೇ ಕಕ್ಕಸು ಬಳಿದುಕೊಂಡು ಹೋಗಲಿ ಅಂತ. ಮನೆಯವರಿಗೆ ಆರೋಗ್ಯ ಸಿಕ್ಕಿತು. ಬಳಿಯುವವರ ಮನೆಗೆ ಗಾಳಿ ಬೆಳಕು ಬೇಡವಾ ಅಂತ ಯಾರೂ ಕೇಳಲಿಲ್ಲ.

ಈಗ ಆ ಗಲ್ಲಿ ಊರಾಚೆ ಹೋಗಿದೆ, ಅಷ್ಟೇ. ನಗರದ ಕಸವೆಲ್ಲ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಯ್ತು. ಅಲ್ಲಿನವರು ನಾತ ಕುಡಿದರು, ಬೋರ್‌ವೆಲ್ ನೀರಿಗೆ ಹೆದರಿದರು. ಮಂಡೂರಿನ ಜನ ಲಾರಿಗಳನ್ನ ತಡೆದು ಹೋರಾಡಿದ ಮೇಲೆ, 2014ರ ಕೊನೆಗೆ ಅಲ್ಲಿ ಸುರಿಯೋದು ನಿಂತಿತು.

ಮಾಸ್ಟರ್ ಪ್ಲಾನ್ ಕರಡು ಬಂದಾಗ ಆಕ್ಷೇಪಣೆ ಸಲ್ಲಿಸೋಕೆ ಅವಕಾಶ ಇರುತ್ತೆ. ನಮ್ಮಲ್ಲಿ ಬಹಳ ಜನ ನೋಡೋದು ತಮ್ಮ ಸೈಟು ಹಳದಿಯಲ್ಲಿದೆಯಾ, ಹಸಿರಲ್ಲಿದೆಯಾ ಅಂತ ಮಾತ್ರ. ಮುಂದಿನ ಸಲ ಇನ್ನೊಂದು ನೋಡಿ: ಕಸದ ಘಟಕ, ಕೊಳಚೆ ನೀರಿನ ಘಟಕ ಯಾರ ಮನೆ ಪಕ್ಕ ಗುರುತಾಗಿದೆ, ಅವರನ್ನ ಯಾರಾದ್ರೂ ಕೇಳಿದ್ದಾರಾ ಅಂತ.